ಬಲಗಾಲು ಮುಂದಿಟ್ಟ ಮೇಲೆ

ನಾನು ಬಲಗೈಯವನು. ಬಾಕ್ಸಿಂಗ್ ಶುರು ಮಾಡಿದಾಗ ಎಲ್ಲರ ಹಾಗೆ ಎಡಗಾಲು, ಎಡಗೈ ಮುಂದಿಟ್ಟು ನಿಂತೆ. ಇದು ಆರ್ಥಡಾಕ್ಸ್. ಬಲಗಾಲು, ಬಲಗೈ ಮುಂದೆ ಬಂದರೆ ಸೌತ್‌ಪಾ. ಎಡಚರು ಸಾಮಾನ್ಯವಾಗಿ ಹೀಗೆ ನಿಲ್ಲುತ್ತಾರೆ. ಬೆಳಗಾವಿಯಲ್ಲಿ ನಾನು ಕಲಿಯುವ ಕಡೆ ನನ್ನ ತೂಕದ ಹುಡುಗರಲ್ಲಿ ಇಬ್ಬರು ಎಡಚರು. ಅವರ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಅಂದ್ರೆ ನನಗೆ ತಲೆನೋವು. ಜ್ಯಾಬ್ (ಮುಂದಿನ ಕೈಯ ನೇರ ಏಟು) ಹಾಕಲು ಹೋದರೆ ಅವರ ಮುಂದಿನ ಕೈ ಅಡ್ಡ ಬರುತ್ತದೆ. ಹೆಜ್ಜೆ ಇಟ್ಟರೆ ನನ್ನ ಬೆರಳಿನ ಮೇಲೆ ಅವರ ಶೂ. ಇದನ್ನೆಲ್ಲ ಸುಧಾರಿಸಿಕೊಳ್ಳುವಷ್ಟರಲ್ಲಿ ಹಿಂದಿದ್ದ ಎಡಗೈ ನೆಟ್ಟಗೆ ಮುಖಕ್ಕೆ. ನಾನೂ ಬಲಗಾಲು ಮುಂದಿಟ್ಟರೆ ಏನಾದೀತು ಅನ್ನುವ ಕುತೂಹಲ ಹುಟ್ಟಿದ್ದು ಅಲ್ಲಿಂದ.

ನಮ್ಮ ಕೋಚ್ ಸೈನ್ಯದಲ್ಲಿದ್ದು ಬಂದವರು. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇರುವ ಊರಲ್ಲಿ ಇದು ದೊಡ್ಡ ಸುದ್ದಿಯಲ್ಲ ಬಿಡಿ. ಕೇಳಿದರೆ, "ಮೊದಲ ಒಂದ್ ಕಡೆ ನೆಟ್ಟಗ ನಿಲ್ಲೋದ ಕಲಿ ತಮ್ಮಾ, ಆಮ್ಯಾಲ ಬದಲ ಮಾಡೂಣಂತ" ಅಂದರು. ಆಗ ಸಿಟ್ಟು ಬಂತು. ಈಗ ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಒಂದು ನಿಲುವಿನಲ್ಲಿ ಜ್ಯಾಬ್, ಕ್ರಾಸ್ (ಹಿಂದಿನ ಕೈಯ ನೇರ ಏಟು), ಗಾರ್ಡ್ (ಕೈ ಎತ್ತಿ ಮುಖ ಕಾಯುವುದು) ಯೋಚನೆ ಮಾಡದೆ ಬರುವ ತನಕ ಎರಡನೆಯದಕ್ಕೆ ಕೈ ಹಾಕಬಾರದು.

ಅವರು ಒಪ್ಪಿದ ಮೇಲೆ ಕೈಗೆ ಏನೂ ಕೆಲಸ ಕೊಡಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಗೆರೆಯ ಒಂದು ಬದಿಗೆ ಬಲ ಪಾದ, ಇನ್ನೊಂದು ಬದಿಗೆ ಎಡ ಪಾದ ಇಟ್ಟುಕೊಂಡು ಹಿಂದೆ ಮುಂದೆ ಓಡಾಡು ಅಂದರು. ಆರ್ಥಡಾಕ್ಸ್‌ನಲ್ಲಿ ಪಾದಗಳು ತಾವಾಗಿಯೇ ಅಲ್ಲಲ್ಲೇ ಇರುತ್ತಿದ್ದವು. ಸೌತ್‌ಪಾ ನಿಂತು ಸ್ವಲ್ಪ ಓಡಾಡಿದರೆ ಸಾಕು, ಬಲ ಪಾದ ಜಾರಿ ಜಾರಿ ಗೆರೆಯ ಮೇಲೆ ಬಂದು ಕೂರುತ್ತಿತ್ತು. ಎರಡೂ ಕಾಲು ಒಂದೇ ಸಾಲಿಗೆ ಬಂದರೆ ಮೈ ನಿಲ್ಲುವುದಿಲ್ಲ. ಸರ್ ಸುಮ್ನೆ ಹತ್ತಿರ ಬಂದು ಎರಡೇ ಬೆರಳಲ್ಲಿ ಹೆಗಲು ತಳ್ಳುತ್ತಿದ್ದರು, ನಾನು ಪಕ್ಕಕ್ಕೆ ವಾಲುತ್ತಿದ್ದೆ. ಇನ್ನೊಂದು ತೊಂದರೆ ಎಡ ಹಿಮ್ಮಡಿಯದು. ಹಿಂದಿನ ಕಾಲಿನ ಹಿಮ್ಮಡಿ ಸ್ವಲ್ಪ ಎದ್ದಿರಬೇಕು, ಹೊಡೆಯುವಾಗ ಬೆರಳ ಬುಡದ ಮೇಲೆ ಪಾದ ತಿರುಗಬೇಕು, ಅದರ ಜೊತೆ ಸೊಂಟ ತಿರುಗಬೇಕು. ಬಲಗಾಲಿಗೆ ಇದು ಗೊತ್ತು. ಎಡಗಾಲು ನೆಲಕ್ಕೆ ಅಂಟಿಕೊಂಡಂತೆ ಇರುತ್ತಿತ್ತು. ಹಾಗಾಗಿ ಎಡಗೈ ಕ್ರಾಸ್‌ಗೆ ಬರೀ ತೋಳಿನ ಬಲ.

ಆ ಮಳೆಗಾಲ ಪೂರ್ತಿ ಬೆಳಗಿನ ಓಟ ಮುಗಿಸಿ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಸೌತ್‌ಪಾ ನಿಲುವಿನಲ್ಲೇ ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇದ್ದಾನೆಂದು ಗಾಳಿಗೆ ಹೊಡೆಯುವುದು) ಮಾಡಿದೆ. ಜಿಟಿಜಿಟಿ ಮಳೆಯಲ್ಲಿ ನೆಲ ಜಾರುತ್ತಿತ್ತು. ಅದೂ ಒಳ್ಳೆಯದೇ ಆಯಿತು, ಕಾಲು ಅಗಲ ಇಟ್ಟರೆ ಬೀಳುತ್ತೇವೆ ಅಂತ ಹೆಜ್ಜೆ ತಾನಾಗಿ ಸಣ್ಣದಾಯಿತು. ವಾಕಿಂಗ್ ಬರುವ ಅಜ್ಜ ಒಬ್ಬರು ನಿಂತು, "ಏನೋ ತಮ್ಮಾ, ಯಾರಿಗ್ ಹೊಡಿಯಾಕತ್ತೀ? ಅಲ್ಲಿ ಯಾರೂ ಇಲ್ಲಲಾ" ಅಂತ ಕೇಳಿದ್ದೂ ಉಂಟು.

ನಿಲ್ಲಲು ಬಂದ ಮೇಲೆ ನಿಜವಾದ ಪ್ರಶ್ನೆ: ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ?

ಹುಡುಗರಿಗೆ ಜಾಸ್ತಿ ಇಷ್ಟ ಆಗುವುದು ನಿಂತಲ್ಲೇ ಜಿಗಿದು ಕಾಲು ಅದಲುಬದಲು ಮಾಡುವುದು. ಮೊಬೈಲ್‌ನಲ್ಲಿ ರೀಲ್ಸ್ ಮಾಡಲು ಚೆನ್ನಾಗಿದೆ. ಆದರೆ ಆ ಕ್ಷಣ ಎರಡೂ ಪಾದ ಗಾಳಿಯಲ್ಲಿ, ಎದೆ ಎದುರಾಳಿಗೆ ಪೂರ್ತಿ ತೆರೆದು ಕೊಟ್ಟಿರುತ್ತೇವೆ. ಆಗ ಸಾದಾ ಜ್ಯಾಬ್ ಬಿದ್ದರೂ ನೆಲಕ್ಕೆ ಕೂರಬೇಕು. ಏಟು ತಲುಪದಷ್ಟು ದೂರದಲ್ಲಿದ್ದರೆ ಮಾತ್ರ ಅದು ಸರಿ.

ನಾನು ಬಳಸುವುದು ಎರಡೇ ದಾರಿ. ಮೊದಲನೆಯದು ಮುಂದಕ್ಕೆ. ಬಲಗೈ ಕ್ರಾಸ್ ಹೊಡೆಯುವಾಗ ಅದರ ಜೊತೆಗೇ ಬಲಗಾಲನ್ನೂ ಮುಂದೆ ತರುವುದು. ಎದುರಾಳಿ ಕೈ ನೋಡುತ್ತಿರುತ್ತಾನೆ, ಕಾಲನ್ನಲ್ಲ. ಕ್ರಾಸ್ ತಾಗಲಿ ಬಿಡಲಿ, ಪಾದ ನೆಲ ಮುಟ್ಟುವಾಗ ನಾನು ಸೌತ್‌ಪಾ ಆಗಿರುತ್ತೇನೆ. ಎಡಗೈ ಹಿಂದೆ, ಸೊಂಟ ತಿರುಗಿ, ಹೊಡೆಯಲು ತಯಾರಾಗಿ ನಿಂತಿರುತ್ತದೆ. ಇದೇನು ಹೊಸದಲ್ಲ. 1897ರಲ್ಲಿ ಬಾಬ್ ಫಿಟ್ಜ್‌ಸಿಮನ್ಸ್ ಹೀಗೇ ಕಾಲು ಬದಲಿಸಿ, ಜಿಮ್ ಕಾರ್ಬೆಟ್‌ನ ಎದೆಗೂಡಿನ ಕೆಳಗೆ ಎಡಗೈಯಿಂದ ಹೊಡೆದು, 14ನೇ ರೌಂಡಿನಲ್ಲಿ ಹೆವಿವೇಟ್ ಪಟ್ಟ ಕಿತ್ತುಕೊಂಡ.

ಎರಡನೆಯದು ಹಿಂದಕ್ಕೆ. ಎದುರಾಳಿ ನುಗ್ಗಿ ಬಂದಾಗ ಮುಂದಿನ ಎಡಗಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಒಂದೇ ಹೆಜ್ಜೆಯಲ್ಲಿ ದೂರವೂ ಸಿಗುತ್ತದೆ, ನಿಲುವೂ ಬದಲಾಗುತ್ತದೆ. ಅವನು ಬರುತ್ತಿರುವ ದಾರಿಯಲ್ಲೇ ನನ್ನ ಬಲಗೈ ಇರುತ್ತದೆ. ಕಾಲು ಎಳೆಯುವಾಗಲೇ ಆ ಕೈ ಹೊರಡಬೇಕು. ಸರ್ ಪ್ಯಾಡ್ ಹಿಡಿದು ದಿನಾ ಹೇಳುತ್ತಿದ್ದದ್ದು ಒಂದೇ ಮಾತು: "ಬದಲಾಗಿ ಹೊಡೀಬ್ಯಾಡ, ಹೊಡಕೋತ ಬದಲಾಗು."

ಗರಡಿಗೆ ಹೋಗುವ ಪೈಲ್ವಾನ್ ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆ. "ನಮಗ ಯಾವ ಕಾಲ್ ಮುಂದ ಇದ್ರೂ ಅಷ್ಟ ಲೇ, ಸಿಕ್ಕಿದ್ ಕಾಲ್ ಹಿಡಿಯೋದ" ಅಂದ.

ಇನ್ನು ಬದಲಾದ ಮೇಲೆ ಸಿಗುವುದೇನು? ಆರ್ಥಡಾಕ್ಸ್ ಎದುರಾಳಿಯ ಮುಂದೆ ಸೌತ್‌ಪಾ ನಿಂತರೆ ಇಬ್ಬರ ಮುಂದಿನ ಕಾಲುಗಳು ಎದುರುಬದುರು ಬರುತ್ತವೆ. ಆಗ ನನ್ನ ಬಲ ಪಾದ ಅವನ ಎಡ ಪಾದದ ಹೊರಗೆ ಇರಬೇಕು. ಇದ್ದರೆ ನನ್ನ ಎಡಗೈ ನೇರ ಅವನ ನಡುಮಧ್ಯಕ್ಕೆ ಹೋಗುತ್ತದೆ, ಅವನ ಬಲಗೈ ನನ್ನನ್ನು ದಾಟಿ ಹೋಗುತ್ತದೆ. ಲಿವರ್ ಇರುವುದು ಬಲಪಕ್ಕೆಯ ಕೆಳಗೆ. ಅವನು ಬಲ ಮೊಣಕೈ ಸ್ವಲ್ಪ ಎತ್ತಿದರೂ ಸಾಕು, ನನ್ನ ಎಡಗೈಗೆ ಅಲ್ಲಿಗೆ ದಾರಿ ಸಿಗುತ್ತದೆ. ಅಲ್ಲಿ ಸರಿಯಾಗಿ ಬಿದ್ದರೆ ಮನಸ್ಸು ಏಳು ಅಂದರೂ ಕಾಲು ಕೇಳುವುದಿಲ್ಲ. ಅದನ್ನು ತಿಂದೂ ನೋಡಿದ್ದೇನೆ.

ಆದರೆ ನನಗೆ ಹೆಚ್ಚು ಲಾಭ ಆಗಿದ್ದು ಎಡಚರ ಎದುರಿಗೇ. ಎಡಚರು ದಿನಾ ಆರ್ಥಡಾಕ್ಸ್ ಹುಡುಗರ ಜೊತೆ ಆಡಿ ಪಳಗಿರುತ್ತಾರೆ. ಇನ್ನೊಬ್ಬ ಸೌತ್‌ಪಾ ಎದುರು ಬಂದರೆ ಅವರಿಗೂ ಅಭ್ಯಾಸ ಇರುವುದಿಲ್ಲ. ಮೇಲಾಗಿ ನನ್ನ ಗಟ್ಟಿ ಕೈ ಈಗ ಮುಂದಿದೆ, ಜ್ಯಾಬ್‌ಗೇ ತೂಕ ಬಂದಿದೆ. ಅಮೆರಿಕದ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಬಲಗೈಯವನಾದರೂ ಹೆಚ್ಚಾಗಿ ಸೌತ್‌ಪಾ ನಿಲ್ಲುತ್ತಿದ್ದುದರ ಗುಟ್ಟು ನನಗೆ ಅರ್ಥವಾಗಿದ್ದು ಆಗ. 2023ರ ಜುಲೈನಲ್ಲಿ ಎರಲ್ ಸ್ಪೆನ್ಸ್ ಜೊತೆಗಿನ ಅವನ ಪಂದ್ಯ ನೋಡಿ. ಸ್ಪೆನ್ಸ್ ಕೂಡ ಸೌತ್‌ಪಾ. ಕ್ರಾಫರ್ಡ್ ಬಲಗೈ ಜ್ಯಾಬ್‌ನಿಂದಲೇ ಅವನ ಆಟ ಕೆಡಿಸಿದ. ಎರಡನೇ ರೌಂಡಿನಲ್ಲಿ ಒಮ್ಮೆ, ಏಳರಲ್ಲಿ ಎರಡು ಸಲ ಬೀಳಿಸಿ, ಒಂಬತ್ತರಲ್ಲಿ ಮುಗಿಸಿದ.

ಹಾಗಂತ ಸುಮ್ಮಸುಮ್ಮನೆ ಬದಲಾಯಿಸುತ್ತಾ ಇರುವುದು ನನಗೆ ಹಿಡಿಸುವುದಿಲ್ಲ. ಮಾರ್ವಿನ್ ಹ್ಯಾಗ್ಲರ್‌ಗಿಂತ ಚೆನ್ನಾಗಿ ಎರಡೂ ಕಡೆ ಆಡುವವರು ಎಷ್ಟು ಜನ ಇದ್ದಾರು? ಸೌತ್‌ಪಾದಲ್ಲೇ ಹೆಸರು ಮಾಡಿದ ಅವನು 1987ರಲ್ಲಿ ಶುಗರ್ ರೇ ಲಿಯೊನಾರ್ಡ್ ಎದುರು ಆರ್ಥಡಾಕ್ಸ್ ನಿಂತು ಶುರು ಮಾಡಿದ. ಮೊದಲ ರೌಂಡುಗಳು ಲಿಯೊನಾರ್ಡ್ ಪಾಲಾದವು. ಕೊನೆಗೆ ತೀರ್ಪುಗಾರರಲ್ಲೇ ಒಮ್ಮತ ಇಲ್ಲದೆ ಹ್ಯಾಗ್ಲರ್ ಸೋತ. ಆ ತೀರ್ಪಿನ ಬಗ್ಗೆ ಜನ ಈಗಲೂ ಜಗಳ ಆಡುತ್ತಾರೆ, ಆದರೆ ಆ ಮೊದಲ ರೌಂಡುಗಳ ಬಗ್ಗೆ ಯಾರೂ ಆಡುವುದಿಲ್ಲ.

ನಮ್ಮದು ಮೂರು ನಿಮಿಷದ ಮೂರು ರೌಂಡು. ಮೊದಲ ರೌಂಡಿನಲ್ಲಿ ನಾನು ನಿಲುವು ಬದಲಿಸುವುದಿಲ್ಲ, ಎದುರಾಳಿಯನ್ನು ನೋಡುತ್ತೇನೆ. ಎರಡನೆಯದರಲ್ಲಿ ಕೆಲಸ ಇದ್ದರೆ ಬದಲಿಸುತ್ತೇನೆ. ಮೂರನೆಯದರಲ್ಲಿ ಕಾಲು ಸೋತಿರುತ್ತವೆ, ಸೋತ ಕಾಲು ಒಂದೇ ಸಾಲಿಗೆ ಬರುತ್ತವೆ, ಆದ್ದರಿಂದ ಆರ್ಥಡಾಕ್ಸ್‌ನಲ್ಲೇ ಉಳಿಯುತ್ತೇನೆ. ಶುರುವಿನಲ್ಲಿ ಬಲ ಹೆಗಲು, ಎಡ ಮೀನಖಂಡ ತುಂಬಾ ನೋಯುತ್ತವೆ. ಹಾಗಾಗಿ ಹೆವಿ ಬ್ಯಾಗ್ ಮೇಲೆ ಮೊದಲು ಒಂದೇ ರೌಂಡ್ ಸೌತ್‌ಪಾ ಸಾಕು, ನಿಧಾನಕ್ಕೆ ಹೆಚ್ಚಿಸಿ. ಜ್ಯಾಬ್ ಹಾಕಿದ ಬಲಗೈ ವಾಪಸ್ ಬರುವಾಗ ಸೊಂಟದ ಕಡೆ ಇಳಿಯುತ್ತದೆ, ಅದನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ನನಗೆ ಇನ್ನೂ ಕೂಡಿಬರದಿರುವುದು ಮುಂದಿನ ಬಲಗೈಯ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಹೊಡೆಯುವ ಏಟು). ಮೊಣಕೈ ಹೆಗಲಿನ ಮಟ್ಟಕ್ಕೆ ಬರುವುದಿಲ್ಲ, ಏಟು ಕೆಳಗಿನಿಂದ ಬೀಸಿದಂತಾಗುತ್ತದೆ. ಸದ್ಯಕ್ಕೆ ಸಂಜೆ ಪ್ಯಾಡ್ ಮೇಲೆ ಅದೊಂದೇ ನಡೆದಿದೆ.