ಮೂರನೇ ಟ್ರ್ಯಾಕ್ ಮೂಕವಾದಾಗ

ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯವಾದ ನನ್ನ ಸಿಂಥಸೈಜರ್‌ಗೆ ಎರಡು ಕಾಯಿಲೆ ಒಟ್ಟಿಗೇ ಅಂಟಿಕೊಂಡವು. ಸ್ವಿಚ್ ಹಾಕಿದರೆ ಒಮ್ಮೊಮ್ಮೆ ಪರದೆಯ ಮೇಲೆ ತಲೆಬುಡವಿಲ್ಲದ ಅಕ್ಷರಗಳು ಮೂಡಿ ಅಲ್ಲೇ ನಿಂತುಬಿಡುತ್ತಿತ್ತು. ಆರಿಸಿ ಮತ್ತೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ಎದ್ದ ಮೇಲೆ ಪ್ಲೇ ಒತ್ತಿದರೆ ಮೂರನೇ ಟ್ರ್ಯಾಕ್ ಮಾತ್ರ ಮೂಕ. ತಗ್ಗು ಸ್ವರದ ಬೇಸ್ ಇದ್ದದ್ದೇ ಅದರಲ್ಲಿ. ಸ್ವರಗಳನ್ನು ಸರದಿಯಂತೆ ನುಡಿಸುವ ಸೀಕ್ವೆನ್ಸರ್ ಓಡುತ್ತಿದೆ, ಪ್ರತಿ ಸ್ಟೆಪ್‌ಗೂ ದೀಪ ಮಿನುಗುತ್ತಿದೆ, ಸದ್ದು ಮಾತ್ರ ಇಲ್ಲ.

ಒಟ್ಟಿಗೆ ಬಂದ ತೊಂದರೆಗಳಿಗೆ ಕಾರಣವೂ ಒಂದೇ ಅನ್ನಿಸುವುದು ಸಹಜ. ಬ್ಯಾಕಪ್ ಬ್ಯಾಟರಿ ಸತ್ತಿದೆ, ಅದರಿಂದ ಮೆಮೊರಿ ಕೆಟ್ಟಿದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಸರಿಹೋಗುತ್ತದೆ ಎಂದು ಕಥೆ ಕಟ್ಟಿಬಿಡಬಹುದು. ನನಗೆ ರೀಸೆಟ್ ಎಂದರೆ ಆಗುವುದಿಲ್ಲ. ಅದು ರೋಗದ ಜೊತೆ ಸುಳಿವನ್ನೂ ಅಳಿಸಿಹಾಕುತ್ತದೆ. ಹಾಗಾಗಿ ಮೊದಲು ಎಲ್ಲ ಪ್ಯಾಚ್‌ಗಳನ್ನೂ, ಅಂದರೆ ಉಳಿಸಿಟ್ಟ ಸದ್ದಿನ ಹೊಂದಿಕೆಗಳನ್ನು, ಸಿಸೆಕ್ಸ್ ಡಂಪ್ ಎಂಬ ಕಡತವಾಗಿ ಕಂಪ್ಯೂಟರ್‌ಗೆ ಇಳಿಸಿಕೊಂಡೆ. ಕಡತ ಆರಂಭದ ಗುರುತಾದ ಎಫ್‌0 ಎಂದು ಶುರುವಾಗಿ ಕೊನೆಯ ಗುರುತಾದ ಎಫ್‌7ಕ್ಕೆ ಮುಗಿದಿದೆಯೇ ಎಂದು ನೋಡಿಯೇ ಮುಂದಕ್ಕೆ ಹೋದದ್ದು. ಆಮೇಲೆ ಎರಡು ತೊಂದರೆಗಳನ್ನೂ ಬೇರೆ ಬೇರೆಯಾಗಿ ಹಿಡಿದೆ.

ಮೊದಲು ಮೂಕ ಟ್ರ್ಯಾಕ್. ಬೇಸ್ ಪ್ಯಾಚನ್ನು ನಾಲ್ಕನೇ ಟ್ರ್ಯಾಕ್‌ಗೆ ನಕಲು ಮಾಡಿದೆ, ಜೋರಾಗಿಯೇ ನುಡಿಯಿತು. ಅಲ್ಲಿಗೆ ಪ್ಯಾಚಿನೊಳಗೆ ಸದ್ದನ್ನು ರೂಪಿಸುವ ಎನ್ವಲಪ್, ಫಿಲ್ಟರ್, ಆಸಿಲೇಟರ್ ಎಲ್ಲ ನಿರಪರಾಧಿಗಳು. ನಾಲ್ಕರ ಪ್ಯಾಚನ್ನು ಮೂರಕ್ಕೆ ತಂದೆ, ಅದೂ ಮೂಕವಾಯಿತು. ದೋಷ ಪ್ಯಾಚಿನದಲ್ಲ, ಟ್ರ್ಯಾಕಿನದು. ಮ್ಯೂಟ್ ಇಲ್ಲ, ಬೇರೆ ಟ್ರ್ಯಾಕ್ ಸೋಲೋದಲ್ಲಿ (ಅದೊಂದೇ ಕೇಳಿಸುವಂತೆ) ಇಲ್ಲ, ಔಟ್‌ಪುಟ್ ಮೇನ್‌ಗೇ ಹೋಗುತ್ತಿದೆ, ಲೆವೆಲ್ 100 ಎಂದು ಪರದೆ ತೋರಿಸುತ್ತಿದೆ. ಸೀಕ್ವೆನ್ಸರ್ ನಿಲ್ಲಿಸಿ ಕೀಬೋರ್ಡಿನಲ್ಲೇ ನುಡಿಸಿದರೂ ಸದ್ದಿಲ್ಲ.

ಇಷ್ಟಾದ ಮೇಲೆ ಕಂಪ್ಯೂಟರಿಗೆ ಜೋಡಿಸಿದ್ದ ಯುಎಸ್‌ಬಿ ಕೇಬಲ್ ಕಿತ್ತು, ಯಂತ್ರವನ್ನು ಆರಿಸಿ ಹಾಕಿ, ಅದರದೇ ಕ್ಲಾಕ್‌ನಲ್ಲಿ (ತಾಳದ ಗಡಿಯಾರದಲ್ಲಿ) ಪ್ಲೇ ಒತ್ತಿದೆ. ಬೇಸ್ ಬಂತು! ಕೇಬಲ್ ಚುಚ್ಚಿ ಕಂಪ್ಯೂಟರಿನಿಂದ ಪ್ಲೇ ಮಾಡಿದೆ, ಹೋಯಿತು. ಕಳ್ಳ ತಂತಿಯಲ್ಲೇ ಬರುತ್ತಿದ್ದಾನೆ.

ವಾದ್ಯಕ್ಕೂ ಕಂಪ್ಯೂಟರಿಗೂ ನಡುವಿನ ಸಂದೇಶಗಳ ಭಾಷೆ ಮಿಡಿ; ಅದನ್ನು ತೋರಿಸುವ ಮಿಡಿ ಮಾನಿಟರ್ ತೆರೆದು ನೋಡಿದಾಗ ಪ್ಲೇ ಒತ್ತಿದ ಕ್ಷಣ ಒಂದು ಸಾಲು ಸರಿದುಹೋಯಿತು: ಬಿ2 07 00. ಬಿ ಎಂದರೆ ಕಂಟ್ರೋಲ್ ಚೇಂಜ್, ಅಂದರೆ ಒಂದು ಹೊಂದಿಕೆಯ ಬೆಲೆ ಬದಲಿಸುವ ಸಂದೇಶ. 2 ಎಂದರೆ ಮೂರನೇ ಚಾನೆಲ್, ಏಕೆಂದರೆ ಒಳಗಿನ ಲೆಕ್ಕ ಸೊನ್ನೆಯಿಂದ ಶುರು. 07 ಎಂದರೆ ಚಾನೆಲ್ ವಾಲ್ಯೂಮ್, 00 ಅದರ ಬೆಲೆ. ರೆಕಾರ್ಡಿಂಗ್ ತಂತ್ರಾಂಶದ ಆ ಮಿಡಿ ಟ್ರ್ಯಾಕ್‌ನಲ್ಲಿ ವಾಲ್ಯೂಮ್ ಫೇಡರ್ ತಳದಲ್ಲಿತ್ತು, ಪ್ರತಿ ಸಲ ಪ್ಲೇ ಒತ್ತಿದಾಗಲೂ ಅದು ಆ ಬೆಲೆಯನ್ನು ಕಳಿಸುತ್ತಿತ್ತು. ನನ್ನ ಯಂತ್ರದಲ್ಲಿ ಹೊರಗಿನಿಂದ ಬಂದ ಈ ವಾಲ್ಯೂಮ್, ಪರದೆಯ ಲೆವೆಲ್‌ಗಿಂತ ಬೇರೆಯದೇ ಗುಣಕ. 100 ಎಂದು ತೋರಿಸುತ್ತಲೇ ಒಳಗೆ ಸೊನ್ನೆಯಿಂದ ಗುಣಿಸುತ್ತಿತ್ತು.

ಇಲ್ಲಿ ಒಂದು ಮಾತು. ಎಲ್ಲ ಕಂಟ್ರೋಲರ್‌ಗಳನ್ನೂ ರೀಸೆಟ್ ಮಾಡುವ 121ನೇ ಸಂದೇಶ ಕಳಿಸಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಆದರೆ ಮಿಡಿಯ ಶಿಫಾರಸಿನ ಪ್ರಕಾರ ಅದು ಎಕ್ಸ್‌ಪ್ರೆಶನ್, ಪೆಡಲ್, ಪಿಚ್ ಬೆಂಡ್‌ಗಳನ್ನು ಮೂಲಸ್ಥಿತಿಗೆ ತರುತ್ತದೆ, ವಾಲ್ಯೂಮ್ ಮತ್ತು ಪ್ಯಾನ್ (ಎಡ-ಬಲದ ಹಂಚಿಕೆ) ಅನ್ನು ಮುಟ್ಟುವುದಿಲ್ಲ. 7ನೇ ಕಂಟ್ರೋಲರ್‌ಗೆ 100 ಎಂದು ನೇರವಾಗಿ ಕಳಿಸಬೇಕು. ನಾನು ಫೇಡರ್ ಏರಿಸಿದೆ, ಜೊತೆಗೆ ಸಿಂಥ್‌ನ ಮೆನುವಿನಲ್ಲಿ ಮೂರನೇ ಚಾನೆಲ್‌ಗೆ ವಾಲ್ಯೂಮ್ ಸಂದೇಶ ಸ್ವೀಕರಿಸುವುದನ್ನೇ ನಿಲ್ಲಿಸಿದೆ.

ಸ್ವಿಚ್ ಹಾಕಿದಾಗಿನ ತಡವರಿಕೆ ಮಾತ್ರ ಹಾಗೇ ಉಳಿಯಿತು, ಕೇಬಲ್ ಇದ್ದರೂ ಇಲ್ಲದಿದ್ದರೂ. ಅದಕ್ಕೂ ಬೇಸ್‌ಗೂ ಸಂಬಂಧವೇ ಇರಲಿಲ್ಲ. ಪ್ಲಗ್ ಕಿತ್ತು ಹಿಂಬದಿಯ ಮುಚ್ಚಳ ಬಿಚ್ಚಿ ಸಿಆರ್2032 ಬ್ಯಾಕಪ್ ಬ್ಯಾಟರಿಯನ್ನು ಅಳೆದೆ: 3.05 ವೋಲ್ಟ್. ಗಟ್ಟಿಯಾಗಿದೆ. ಅಡಾಪ್ಟರ್ ಅನ್ನು ಸುಮ್ಮನೆ ಅಳೆದರೆ 9.1 ವೋಲ್ಟ್, ಅದೂ ಸರಿಯೇ. ಆದರೆ ಭಾರವಿಲ್ಲದೆ, ಅಂದರೆ ಯಂತ್ರ ಕರೆಂಟ್ ಎಳೆಯದಿರುವಾಗ ಅಳೆದ ವೋಲ್ಟೇಜನ್ನು ನಂಬಬಾರದು. ಮುಚ್ಚಳ ತೆರೆದೇ ಇತ್ತಲ್ಲ, ಡಿಸಿ ಜ್ಯಾಕ್‌ನ ಬೆಸುಗೆಯ ಬಿಂದುಗಳಿಗೆ ಮಲ್ಟಿಮೀಟರ್ ಮುಳ್ಳುಗಳನ್ನು ಹಿಡಿದು, ಕನಿಷ್ಠ ಬೆಲೆ ನೆನಪಿಡುವ ಗುಂಡಿ ಒತ್ತಿ, ಸ್ವಿಚ್ ಹಾಕಿದೆ. 7.4ಕ್ಕೆ ಇಳಿದಿತ್ತು. ಮೀಟರ್ ನಿಧಾನದ ಪ್ರಾಣಿ, ನಿಜವಾದ ಕುಸಿತ ಇನ್ನೂ ಆಳವೇ ಇದ್ದೀತು. ಪರದೆಯ ಬೆಳಕು, ಪ್ರೊಸೆಸರ್ ಎಲ್ಲ ಒಮ್ಮೆಲೇ ಕರೆಂಟ್ ಎಳೆಯುವ ಆ ಗಳಿಗೆಯಲ್ಲಿ ಪೂರೈಕೆ ಕುಸಿದರೆ ಪ್ರೊಸೆಸರ್ ಅರೆಬರೆ ಏಳುತ್ತದೆ. ಎರಡನೇ ಸಲ ಸರಿಯಾಗಿ ಏಳುತ್ತಿದ್ದದ್ದು ಒಳಗಿನ ಕೆಪಾಸಿಟರ್‌ಗಳು ಆಗಲೇ ಅರ್ಧ ತುಂಬಿರುತ್ತಿದ್ದುದರಿಂದ ಇರಬೇಕು.

ಹಳೆಯ ಅಡಾಪ್ಟರ್‌ಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುವುದು ಸಾಮಾನ್ಯ. ಒಳಗೆ ಮೇನ್ಸ್ ವಿದ್ಯುತ್ ಇರುತ್ತದೆ, ಹಾಗಾಗಿ ಅದನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ, ಹೊಸದು ತಂದೆ. ತರುವಾಗ ನೋಡಿದ್ದು ಮೂರು: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪ್ಲಗ್ಗಿನ ನಡುವಿನ ಪಿನ್ ಧನವೋ ಋಣವೋ ಎಂಬುದು ಯಂತ್ರದ ಹಿಂದಿನ ಚಿತ್ರಕ್ಕೆ ಹೊಂದಬೇಕು. ಕೊನೆಯದು ತಪ್ಪಿದರೆ ಯಂತ್ರವೇ ಸುಟ್ಟೀತು.

ಹೊಸದು ಹಾಕಿ ಅದೇ ಜಾಗದಲ್ಲಿ ಅಳೆದಾಗ 8.9ರ ಕೆಳಗೆ ಇಳಿಯಲಿಲ್ಲ. ಆಗ ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದೆ.