ಓಟದ ಟೈಮಿಂಗ್: ಫೈಲುಗಳನ್ನು ಹೀಗೆ ಜೋಡಿಸಿಡಿ

ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆ ಒಂದು ಹತ್ತು ಕಿಲೋಮೀಟರ್ ಓಟಕ್ಕೆ ಟೈಮಿಂಗ್ ನೋಡಿಕೊಳ್ಳುತ್ತಿದ್ದೆ. ಲ್ಯಾಪ್‌ಟಾಪ್‌ನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ 2’ ಅಂತ ಮೂರು ಫೈಲಿದ್ದವು. ಬಹುಮಾನದ ಗಡಿಬಿಡಿಯಲ್ಲಿ ಹಳೆಯದನ್ನೇ ಪ್ರಿಂಟ್ ತೆಗೆದೆ. ಮೂರನೇ ಸ್ಥಾನವೆಂದು ವೇದಿಕೆ ಹತ್ತಿಸಿದ್ದ ಹುಡುಗಿಯನ್ನು ಕೆಳಗಿಳಿಸಬೇಕಾಯಿತು. ಆಕೆ ಕೊರಳಿಂದ ಪದಕ ತೆಗೆದು ಮಾತಾಡದೆ ಮೇಜಿನ ಮೇಲಿಟ್ಟಳು. ಸಾಫ್ಟ್‌ವೇರ್ ಲೆಕ್ಕ ಸರಿಯಾಗೇ ಹಾಕಿತ್ತು, ತಪ್ಪು ನನ್ನದು.

ಮೊದಲ ಕೆಲಸ, ಒಂದು ಓಟಕ್ಕೆ ಒಂದೇ ಫೋಲ್ಡರ್. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಮೊದಲು ಬರಲಿ: 2026-01-18-ತೀರ್ಥಹಳ್ಳಿ. ಆಗ ಎಲ್ಲ ಓಟಗಳೂ ತಾವಾಗಿಯೇ ಸಾಲಾಗಿ ಕೂರುತ್ತವೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಹಳೆಯ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ.

ಅದರೊಳಗೆ ನಾಲ್ಕು ಫೋಲ್ಡರ್ ಮಾಡಿ: 1-ನೋಂದಣಿ, 2-ಕಚ್ಚಾ, 3-ಕೆಲಸ, 4-ಫಲಿತಾಂಶ.

ನೋಂದಣಿ ಪಟ್ಟಿ ಸಾಮಾನ್ಯವಾಗಿ ಎಕ್ಸೆಲ್‌ನಲ್ಲಿ ಬರುತ್ತದೆ. ಬಿಬ್ ನಂಬರಿನ, ಅಂದರೆ ಓಟಗಾರರ ಎದೆಯ ಮೇಲಿನ ಸಂಖ್ಯೆಯ, ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, ಇಲ್ಲದಿದ್ದರೆ 007 ಹೋಗಿ 7 ಆಗುತ್ತದೆ. 45:30 ಅಂತ ಸಮಯ ಹೊಡೆದರೆ ಎಕ್ಸೆಲ್ ಅದನ್ನು ನಲವತ್ತೈದು ಗಂಟೆ ಮೂವತ್ತು ನಿಮಿಷ ಎಂದು ಓದುತ್ತದೆ, 0:45:30 ಎಂದೇ ಬರೆಯಿರಿ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಠ್ಯದ ಫೈಲು) ಮಾಡುವಾಗ ಕನ್ನಡದ ಹೆಸರುಗಳಿದ್ದರೆ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯಲ್ಲಿ ಸೇವ್ ಮಾಡಿ. ಬರೀ ಸಿಎಸ್‌ವಿ ಆರಿಸಿದರೆ ಹೆಸರಿದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಎರಡನೇ ಫೋಲ್ಡರ್. ಓಟಗಾರ ಗೆರೆಯ ಮೇಲೆ ಹಾಸಿದ ಮ್ಯಾಟ್ ದಾಟುವಾಗ ಅವನು ಕಟ್ಟಿಕೊಂಡ ಚಿಪ್ಪನ್ನು ರೀಡರ್ ಎಂಬ ಯಂತ್ರ ಗುರುತಿಸುತ್ತದೆ. ಅದು ದಾಖಲಿಸುವ ಪ್ರತಿ ಸಾಲಿನಲ್ಲೂ ಚಿಪ್ ಸಂಖ್ಯೆ, ಸಮಯ ಇರುತ್ತವೆ. ಮ್ಯಾಟ್ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಂಡವರದ್ದು ಹತ್ತಾರು ಸಾಲೂ ಆಗಬಹುದು. ಇದಕ್ಕೆ ಕೈ ಹಚ್ಚಬೇಡಿ. ರೀಡರಿನಿಂದ ಬಂದ ಫೈಲನ್ನು ಹಾಗೆಯೇ ಇಲ್ಲಿಟ್ಟು, ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಗುರುತು ಹಾಕಿ. ತಿದ್ದುವುದೆಲ್ಲ ಮೂರನೇ ಫೋಲ್ಡರಿನ ನಕಲಿನಲ್ಲಿ. ಶುರುವಿನ ಸಮಯ ತಪ್ಪಾಗಿ ಹಾಕಿದ್ದರೂ, ಚಿಪ್ ಅದಲುಬದಲಾಗಿದ್ದರೂ, ಕಚ್ಚಾ ಫೈಲಿದ್ದರೆ ಮತ್ತೆ ಮೊದಲಿನಿಂದ ಲೆಕ್ಕ ಹಾಕಬಹುದು. ಅದು ಕೆಟ್ಟರೆ ಓಡಿದವರ ಶ್ರಮಕ್ಕೆ ಸಾಕ್ಷಿಯೇ ಇಲ್ಲ.

ನಾಲ್ಕನೆಯದರಲ್ಲಿ ‘ಫೈನಲ್’ ಎಂಬ ಪದವೇ ಬೇಡ. ಫಲಿತಾಂಶ-0915, ಫಲಿತಾಂಶ-0940 ಎಂದು ತೆಗೆದ ಹೊತ್ತನ್ನೇ ಹೆಸರಾಗಿಡಿ. ಪ್ರಿಂಟಿನ ಅಡಿಯಲ್ಲೂ ಅದೇ ಹೆಸರು ಬರಲಿ. ಮೈಕ್ ಹಿಡಿದವರ ಕೈಯಲ್ಲಿರುವ ಹಾಳೆ ಯಾವುದೆಂದು ದೂರದಿಂದಲೇ ಕೇಳಿ ತಿಳಿಯಬಹುದು.

ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಕರೆಂಟು, ನೆಟ್‌ವರ್ಕ್ ಸಿಕ್ಕೀತು. ಆಗುಂಬೆ ಕಡೆಯ ಕಾಡುದಾರಿಯಲ್ಲಿ ಎರಡನ್ನೂ ನಂಬಿ ಹೋಗಬೇಡಿ. ಅರ್ಧ ಗಂಟೆಗೊಮ್ಮೆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ. ಎರಡು ಪೆನ್‌ಡ್ರೈವ್ ಇರಲಿ, ಒಂದು ಇನ್ನೊಬ್ಬರ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ. ಓಟ ನಡೆಯುತ್ತಿರುವಾಗ ಈ ಫೋಲ್ಡರ್ ಕ್ಲೌಡ್ ಜೊತೆ ಸಿಂಕ್ ಆಗುವ ಜಾಗದಲ್ಲಿರುವುದು ಬೇಡ. ಸಾಫ್ಟ್‌ವೇರ್ ಬರೆಯುತ್ತಿರುವ ಫೈಲನ್ನೇ ಸಿಂಕ್ ಹಿಡಿದುಕೊಂಡು ತೊಡಕಾಗಬಹುದು.

ಹಿಂದಿನ ದಿನ ಸಂಜೆ ರೀಡರ್, ಲ್ಯಾಪ್‌ಟಾಪ್ ಎರಡರ ಗಡಿಯಾರ ಹೊಂದಿಸಿ, ಎರಡು ಚಿಪ್ ಕಟ್ಟಿಕೊಂಡು ನೀವೇ ಮ್ಯಾಟ್ ದಾಟಿ ನೋಡಿ. ಆ ದಾಖಲೆಯನ್ನು ‘0-ಪರೀಕ್ಷೆ’ ಎಂಬ ಬೇರೆ ಫೋಲ್ಡರಿಗೆ ಸರಿಸಿದ ಮೇಲೆಯೇ ಮಲಗಿ.