ಅಮಾರ್ಗೋಸಾ ಹೋಟೆಲ್: ಗೋಡೆಯ ಮೇಲೆ ಪ್ರೇಕ್ಷಕರಿರುವ ರಂಗಮಂದಿರಕ್ಕೆ ಹೋಗಿಬರುವುದು ಹೇಗೆ?

ಲಾಸ್ ವೇಗಸ್‌ಗೆ ಹೋದ ನಮ್ಮ ಕಡೆಯವರು ಸಾಮಾನ್ಯವಾಗಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿಕೊಂಡು ವಾಪಸಾಗುತ್ತಾರೆ. ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಡೆತ್ ವ್ಯಾಲಿ ಎಂಬ ಮರುಭೂಮಿಯ ಕಣಿವೆಯೂ ಪ್ರವಾಸದ ಪಟ್ಟಿಗೆ ಸೇರುತ್ತದೆ. ಆ ದಾರಿಯಲ್ಲೇ, ಎರಡು ಹೆದ್ದಾರಿಗಳು ಕೂಡುವ ಕಡೆ, ಬಿಳಿ ಗೋಡೆಯ ಉದ್ದನೆಯ ಕಟ್ಟಡ ಕಾಣುತ್ತದೆ. ಮುಂದೆ ಸಾಲಾಗಿ ಕಮಾನುಗಳು, ಸುತ್ತ ಬರೀ ಮರಳು, ಕುರುಚಲು ಗಿಡ. ದೂರದಿಂದ ನೋಡಿದರೆ ಜನ ಬಿಟ್ಟುಹೋದ ಹಳೆಯ ಛತ್ರದ ಹಾಗಿದೆ. ಅದೇ ಅಮಾರ್ಗೋಸಾ ಓಪೆರಾ ಹೌಸ್ ಮತ್ತು ಹೋಟೆಲ್.

ಬಹಳ ಜನ ಕಾರು ನಿಲ್ಲಿಸಿ, ಹೊರಗಿನಿಂದ ಒಂದು ಫೋಟೊ ಹೊಡೆದು ಮುಂದೆ ಹೋಗಿಬಿಡುತ್ತಾರೆ. ಇಲ್ಲಿ ನೋಡಬೇಕಾದ್ದೆಲ್ಲ ಬಾಗಿಲ ಒಳಗೇ ಇದೆ. ಒಬ್ಬ ನರ್ತಕಿ ಆರು ವರ್ಷ ಹಿಡಿದು ಬರೆದ ಚಿತ್ರ ಅದು. ಅದಕ್ಕೆ ಒಂದು ಸಂಜೆ, ಒಂದು ರಾತ್ರಿ, ಒಂದು ಬೆಳಗ್ಗೆ ಇಟ್ಟುಕೊಳ್ಳಿ. ಹೇಗೆ ಹೊಂದಿಸಿಕೊಳ್ಳಬೇಕು ಎನ್ನುವುದು ಹಂತ ಹಂತವಾಗಿ ಇಲ್ಲಿದೆ.

ಹಂತ 1: ಹೊರಡುವ ಮೊದಲು ಕತೆ ತಿಳಿದುಕೊಳ್ಳಿ

ಕತೆ ಗೊತ್ತಿಲ್ಲದೆ ಹೋದರೆ ಈ ಜಾಗ ಅರ್ಧವೂ ಕಾಣುವುದಿಲ್ಲ. ಊರಿನ ಹೆಸರು ಡೆತ್ ವ್ಯಾಲಿ ಜಂಕ್ಷನ್. ಅದಕ್ಕೂ ಮೊದಲು ಇದನ್ನು ಅಮಾರ್ಗೋಸಾ ಎಂದೇ ಕರೆಯುತ್ತಿದ್ದರು. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ, ಅಂದರೆ ಬೋರಾಕ್ಸ್, ಈ ಸುತ್ತಿನ ಬೆಟ್ಟಗಳಲ್ಲಿ ಸಿಗುತ್ತಿತ್ತು. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್ ಕೂಡ ಬೋರಾಕ್ಸ್‌ನಿಂದಲೇ ಆಗುವುದು. ಅದನ್ನು ಅಗೆದು ರೈಲಿನಲ್ಲಿ ಸಾಗಿಸುತ್ತಿದ್ದ ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪನಿ 1923ರಿಂದ 1925ರ ನಡುವೆ ಇಲ್ಲಿ ತನ್ನ ಜನಕ್ಕಾಗಿ ಒಂದು ಪುಟ್ಟ ಊರನ್ನೇ ಕಟ್ಟಿಸಿತು. ವಿನ್ಯಾಸ ವಾಸ್ತುಶಿಲ್ಪಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮೆಕಲಕ್ ಅವರದು. ಸುಡದ ಮಣ್ಣಿನ ಇಟ್ಟಿಗೆಯಲ್ಲಿ, ಸ್ಪ್ಯಾನಿಶ್ ಮಾದರಿಯಲ್ಲಿ ಕಟ್ಟಿದ ಈ ಸಂಕೀರ್ಣ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿದೆ. ಕಚೇರಿ, ಅಂಗಡಿ, ಕೆಲಸಗಾರರ ವಸತಿ, ಊಟದ ಮನೆ, 23 ಕೋಣೆಗಳ ಹೋಟೆಲ್ ಎಲ್ಲ ಅದರಲ್ಲೇ. ಒಂದು ತುದಿಯಲ್ಲಿ ಕಾರ್ಕ್‌ಹಿಲ್ ಹಾಲ್ ಎಂಬ ಸಭಾಂಗಣ. ಸಿನಿಮಾ, ಕುಣಿತ, ಪ್ರಾರ್ಥನೆ, ಸಾವಿನ ಕಾರ್ಯ, ಊರಿನ ಸಭೆ ಎಲ್ಲದಕ್ಕೂ ಅದೊಂದೇ ಜಾಗ.

ಕೆಲವು ವರ್ಷಗಳಲ್ಲೇ ಗಣಿ ಕೆಲಸ ಬೇರೆ ಕಡೆಗೆ ಹೋಯಿತು. 1940ರಲ್ಲಿ ರೈಲೂ ನಿಂತಿತು. ಊರು ಖಾಲಿಯಾಗುತ್ತಾ ಬಂತು.

ಈಗ ಮಾರ್ತಾ ಬೆಕೆಟ್ ಅವರ ಬಗ್ಗೆ. 1924ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನ ಬ್ಯಾಲೆ ತಂಡದಲ್ಲಿ ಕುಣಿದವರು, ಬ್ರಾಡ್‌ವೇ ನಾಟಕಗಳಲ್ಲೂ ಪಾತ್ರ ಮಾಡಿದವರು. ಚಿತ್ರ ಬರೆಯುವುದೂ ಗೊತ್ತಿತ್ತು. 1967ರ ವಸಂತದಲ್ಲಿ ಗಂಡನ ಜೊತೆ ಡೆತ್ ವ್ಯಾಲಿಗೆ ಬಂದು ಡೇರೆ ಹಾಕಿದ್ದರು. ಗಾಡಿಯ ಟೈರ್ ಪಂಕ್ಚರ್ ಆಯಿತು. ರಿಪೇರಿಗೆ ಈ ಜಂಕ್ಷನ್‌ಗೆ ಬರಬೇಕಾಯಿತು. ಗಂಡ ಟೈರ್ ಕೆಲಸ ನೋಡಿಕೊಳ್ಳುವಾಗ ಮಾರ್ತಾ ಸುಮ್ನೆ ಕಟ್ಟಡದ ಸುತ್ತ ಅಡ್ಡಾಡಿದರು. ಸಭಾಂಗಣದ ಹಿಂಬಾಗಿಲಲ್ಲಿ ಒಂದು ತೂತಿತ್ತು. ಇಣುಕಿ ನೋಡಿದರೆ ಒಳಗೆ ಪಾಳುಬಿದ್ದ ರಂಗ. ಮರುದಿನವೇ ಮಾತು ಮುಗಿಯಿತು. ತಿಂಗಳಿಗೆ 45 ಡಾಲರ್ ಬಾಡಿಗೆ, ಸಭಾಂಗಣದ ರಿಪೇರಿ ಖರ್ಚು ದಂಪತಿಯದೇ. ಊರಿನ ಹಳೆಯ ಹೆಸರನ್ನೇ ರಂಗಮಂದಿರಕ್ಕೆ ಇಟ್ಟರು. ಅಮಾರ್ಗೋಸಾ ಓಪೆರಾ ಹೌಸ್.

1968ರ ಫೆಬ್ರವರಿ 10ರಂದು ಮೊದಲ ಪ್ರದರ್ಶನ. ನೋಡಲು ಬಂದವರು 12 ಮಂದಿ. ಮುಂದೆ ಎಷ್ಟೋ ರಾತ್ರಿ ಅಷ್ಟೂ ಇರುತ್ತಿರಲಿಲ್ಲ. ಒಬ್ಬರೂ ಬಾರದ ದಿನವೂ ಸಮಯಕ್ಕೆ ಸರಿಯಾಗಿ ಪರದೆ ಏಳುತ್ತಿತ್ತು. ನೃತ್ಯ ಸಂಯೋಜನೆ, ಹೊಲಿಗೆ, ರಂಗಸಜ್ಜಿಕೆ ಎಲ್ಲ ಮಾರ್ತಾ ಅವರದೇ. ಕಾಫಿ ಪುಡಿಯ ತಗಡಿನ ಡಬ್ಬಿಗಳಿಂದ ರಂಗದ ದೀಪ ಮಾಡಿಕೊಂಡಿದ್ದರು. ಅದೇ ವರ್ಷ ಗೋಡೆಯ ಮೇಲೆ ಪ್ರೇಕ್ಷಕರನ್ನು ಬರೆಯಲು ಶುರು ಮಾಡಿದರು. ಗೋಡೆ ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಚಾವಣಿಗೆ ಇನ್ನೆರಡು ವರ್ಷ. ಕೆಲಸ ಪೂರ್ತಿಯಾದದ್ದು 1974ರಲ್ಲಿ.

1970ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಮಾರ್ತಾ ಅವರ ಬಗ್ಗೆ ಬಂದ ಮೇಲೆ ನಿಜವಾದ ಪ್ರೇಕ್ಷಕರೂ ಬರತೊಡಗಿದರು. 1981ರಲ್ಲಿ ಕಟ್ಟಡ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಗಂಡ ಬಿಟ್ಟುಹೋದ ಮೇಲೆ ಟಾಮ್ ವಿಲೆಟ್ ಎಂಬುವರು ರಂಗದ ಕೆಲಸಕ್ಕೂ, ನಗೆ ಪಾತ್ರಕ್ಕೂ ಜೊತೆಯಾದರು. 2005ರಲ್ಲಿ ಅವರು ತೀರಿಕೊಳ್ಳುವವರೆಗೆ ಜೊತೆಗಿದ್ದರು. ಮಾರ್ತಾ ಕೊನೆಯ ಪ್ರದರ್ಶನ ಕೊಟ್ಟದ್ದು 2012ರ ಫೆಬ್ರವರಿಯಲ್ಲಿ, 87ನೇ ವಯಸ್ಸಿನಲ್ಲಿ. 2017ರ ಜನವರಿ 30ರಂದು ತೀರಿಕೊಂಡರು. ಅರ್ಧ ಶತಮಾನ ಇದೇ ಮರಳಿನಲ್ಲಿ ಇದ್ದರು.

ಹಂತ 2: ಕಾಲ ನೋಡಿ ಹೊರಡಿ

ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಗಡಗಡ ಚಳಿ. ಸ್ವೆಟರ್, ಶಾಲು ಬೇಕೇ ಬೇಕು.

ಬೇಸಿಗೆ ರಜಕ್ಕೆ ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರೇ ನಮ್ಮಲ್ಲಿ ಜಾಸ್ತಿ. ಅವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಈ ಕಡೆ ಬರಬೇಡಿ. 1913ರ ಜುಲೈ 10ರಂದು ಪಕ್ಕದ ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಜಂಕ್ಷನ್ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಹಾಗಾಗಿ ಕಣಿವೆಯಷ್ಟು ಉರಿಯುವುದಿಲ್ಲ. ಆದರೂ ಬಿಪಿ, ಸಕ್ಕರೆ ಕಾಯಿಲೆ ಇರುವವರು ಆ ಬಿಸಿಲಿನಲ್ಲಿ ಸಾಹಸ ಮಾಡುವುದು ಬೇಡ.

ಹಂತ 3: ದಾರಿ, ಪೆಟ್ರೋಲ್

ಲಾಸ್ ವೇಗಸ್‌ನಿಂದ ಸುಮಾರು 150 ಕಿ.ಮೀ. 160ನೇ ನಂಬರಿನ ಹೆದ್ದಾರಿ ಹಿಡಿದು ಪಹ್ರಂಪ್ ಎಂಬ ಊರಿಗೆ ಬನ್ನಿ. ಅಲ್ಲಿಂದ ಬೆಲ್ ವಿಸ್ಟಾ ರಸ್ತೆಗೆ ತಿರುಗಿ ನೇರ ಹೋದರೆ ನೆವಾಡ ದಾಟಿ ಕ್ಯಾಲಿಫೋರ್ನಿಯಾದ ಜಂಕ್ಷನ್ ಸಿಗುತ್ತದೆ. ಎರಡು ಗಂಟೆ ಸಾಕು. ರಾಜ್ಯ ಬದಲಾದರೂ ಗಡಿಯಾರ ಬದಲಿಸಬೇಕಿಲ್ಲ. ಲಾಸ್ ಏಂಜಲಿಸ್ ಕಡೆಯಿಂದ ಬರುವವರು ಬೇಕರ್‌ನಲ್ಲಿ ದೊಡ್ಡ ಹೆದ್ದಾರಿ ಬಿಟ್ಟು 127ನೇ ರಸ್ತೆಗೆ ಹೊರಳಬೇಕು. ಅಲ್ಲಿಂದ ಸುಮಾರು 135 ಕಿ.ಮೀ., ನಡುವೆ ಶೋಶೋನ್ ಎಂಬ ಪುಟ್ಟ ಊರು.

ಜಂಕ್ಷನ್‌ನಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಇದನ್ನು ಮರೆಯಲೇಬೇಡಿ. ಪಹ್ರಂಪ್‌ನಲ್ಲಿ ಟ್ಯಾಂಕ್ ತುಂಬಿಸಿ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ನೋಡಿಕೊಳ್ಳಿ. ಈಗಿನ ಕೆಲವು ಬಾಡಿಗೆ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆಸಿ ನೋಡಿ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಕತ್ತಲಾದ ಮೇಲೆ ಕಾರು ಓಡಿಸಬೇಡಿ. ರಸ್ತೆಗೆ ದೀಪವಿಲ್ಲ, ಕಾಡುಕುದುರೆಗಳು ಅಡ್ಡ ಬರುತ್ತವೆ.

ಹಂತ 4: ರೂಮಿನ ಜೊತೆ ಟೂರ್ ಸಮಯವನ್ನೂ ಕೇಳಿ

ರೂಮು ಸಿಕ್ಕಿತೆಂದ ಮಾತ್ರಕ್ಕೆ ರಂಗಮಂದಿರ ನೋಡಲು ಸಿಗುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಬೀಗ ಹಾಕಿರುತ್ತಾರೆ. ಸಿಬ್ಬಂದಿಯೇ ಕರೆದುಕೊಂಡು ಹೋಗಿ ತೋರಿಸಬೇಕು, ಅದಕ್ಕೆ ಬೇರೆ ಶುಲ್ಕವಿದೆ. ಹಾಗಾಗಿ ಬುಕ್ ಮಾಡುವಾಗ ಮೂರು ವಿಷಯ ಕೇಳಿ. ಆ ದಿನ ಟೂರ್ ಇದೆಯೇ, ಎಷ್ಟು ಹೊತ್ತಿಗೆ? ಆ ವಾರ ರಂಗದಲ್ಲಿ ಏನಾದರೂ ಕಾರ್ಯಕ್ರಮ ಇದೆಯೇ? ಮಾರ್ತಾ ಅವರ ಚಿತ್ರ ಇರುವ ಕೋಣೆ ಸಿಗುತ್ತದೆಯೇ? ಕೆಲವು ಕೋಣೆಗಳ ಗೋಡೆಯ ಮೇಲೂ ಅವರು ಚಿತ್ರ ಬರೆದಿದ್ದಾರೆ. ಕೇಳಿದವರಿಗೆ ಸಿಗುವ ಸಾಧ್ಯತೆ ಜಾಸ್ತಿ, ಅಲ್ವಾ?

ಕೋಣೆಗಳು ಸರಳ. ಹಾಸಿಗೆ, ಸ್ನಾನದ ಮನೆ, ಹಳೆಯ ಮೇಜು. ವೇಗಸ್‌ನ ಹೋಟೆಲ್ ಕೊಡುವ ಸುಖ ಇಲ್ಲಿ ಹುಡುಕಬೇಡಿ. ಮಂಡಿನೋವು ಇರುವ ಹಿರಿಯರು ಜೊತೆಗಿದ್ದರೆ ಬಾಗಿಲಿಗೆ ಹತ್ತಿರದ ಕೋಣೆ ಕೇಳಿಕೊಳ್ಳಿ.

ಹೋಟೆಲು ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗಿದೆ. ಇಲ್ಲಿಗೆ ಬರಲು ಉದ್ಯಾನದ ಪ್ರವೇಶ ಶುಲ್ಕ ಕೊಡಬೇಕಿಲ್ಲ.

ಹಂತ 5: ಬುತ್ತಿ ಕಟ್ಟಿಕೊಳ್ಳಿ

ಹೋಟೆಲಿನ ಕೆಫೆ ಸದಾ ತೆರೆದಿರುತ್ತದೆ ಎಂದು ನಂಬಿ ಹೋಗಬೇಡಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಹಣ್ಣು ಇದ್ದರೆ ರಾತ್ರಿಗೂ ಬೆಳಗ್ಗೆಗೂ ಆಗುತ್ತದೆ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಕಾರಿನಲ್ಲಿ ಇರಲಿ. ಒಂದು ಟಾರ್ಚ್ ಕೂಡ.

ಹಂತ 6: ಬೆಳಕಿರುವಾಗಲೇ ತಲುಪಿ

ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿದ್ದರೆ ಚೆನ್ನ. ಮೊದಲು ಕಮಾನುಗಳ ಜಗಲಿಯಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಿರಿ. ಎಲ್ಲೆಲ್ಲಿ ಗಾರೆ ಉದುರಿದೆ ಎಂದು ಗಮನಿಸಿ. ಮಣ್ಣಿನ ಇಟ್ಟಿಗೆಗೆ ನೀರೇ ಶತ್ರು. ಈ ಮರುಭೂಮಿಯಲ್ಲಿ ಮಳೆ ಬರುವುದು ಅಪರೂಪ, ಬಂದರೆ ಪ್ರವಾಹವಾಗಿಯೇ ಬರುತ್ತದೆ. ಮಾರ್ತಾ ಅವರ ಕಾಲದಲ್ಲೂ ರಂಗಮಂದಿರಕ್ಕೆ ಕೆಸರು ನುಗ್ಗಿತ್ತು. ಕಟ್ಟಡದ ಒಂದು ಭಾಗ ಇನ್ನೂ ದುರಸ್ತಿಯಾಗದೆ ಮುಚ್ಚಿದೆ. ಅಲ್ಲಿಗೆ ನುಗ್ಗಬೇಡಿ. ಮಕ್ಕಳಿದ್ದರೆ ಕೈ ಹಿಡಿದುಕೊಂಡಿರಿ.

ಆಮೇಲೆ ಲಾಬಿ. ಇಲ್ಲಿಯೂ ಊಟದ ಮನೆಯಲ್ಲಿಯೂ ಮಾರ್ತಾ ಬರೆದ ಚಿತ್ರಗಳಿವೆ. ಇವನ್ನು ಮೊದಲು ನೋಡಿದರೆ ಅವರ ಗೆರೆ, ಬಣ್ಣ ಕಣ್ಣಿಗೆ ಪರಿಚಯವಾಗುತ್ತದೆ.

ಹಂತ 7: ರಂಗಮಂದಿರದೊಳಗೆ

ಇಡೀ ಪ್ರವಾಸ ಇದಕ್ಕಾಗಿ. ಒಳಗೆ ಹೋದ ಕೂಡಲೇ ಫೋನ್ ಎತ್ತಬೇಡಿ. ಮೊದಲು ಹೋಗಿ ಒಂದು ಕುರ್ಚಿಯಲ್ಲಿ ಕೂರಿ. ಶುರುವಿನಲ್ಲಿ ಇಲ್ಲಿ ತೋಟದ ಕುರ್ಚಿಗಳಿದ್ದವು. 1983ರಲ್ಲಿ ನೆವಾಡದ ಬೌಲ್ಡರ್ ಸಿಟಿಯ ಚಿತ್ರಮಂದಿರದಿಂದ 120 ಸೀಟುಗಳನ್ನು ಕೊಂಡು ತಂದರು.

ಕೂತು ಸುತ್ತ ನೋಡಿ. ಮೂರೂ ಕಡೆಯ ಗೋಡೆಗಳಲ್ಲಿ ಜನ. 16ನೇ ಶತಮಾನದ ಸ್ಪೇನ್ ದೇಶದ ಪ್ರೇಕ್ಷಕರು. ಶ್ರೀಮಂತರು, ಗೂಳಿ ಕಾಳಗದವರು, ಸನ್ಯಾಸಿಗಳು, ಸನ್ಯಾಸಿನಿಯರು, ಜಿಪ್ಸಿಗಳು, ನಡುವೆ ಬೆಕ್ಕುಗಳು. ಕೆಲವರು ರಂಗ ನೋಡುತ್ತಿದ್ದಾರೆ. ಕೆಲವರಿಗೆ ಪಕ್ಕದವರ ಜೊತೆ ಮಾತೇ ಮುಗಿದಿಲ್ಲ. ನಾಟಕ ನೋಡಿ ಗೊತ್ತಿರುವ ಯಾರಿಗಾದರೂ ಈ ಗದ್ದಲ ಚೆನ್ನಾಗಿ ಗೊತ್ತು. ಮಾರ್ತಾ ತಮಗೆ ಬೇಕಾದ ಹಾಗೆ ಗಂಭೀರವಾಗಿ ಕೂತ, ಎಲ್ಲರೂ ಮೆಚ್ಚಿ ನೋಡುವ ಸಭೆಯನ್ನು ಬರೆದುಕೊಳ್ಳಬಹುದಿತ್ತು. ನಿಜವಾದ ಸಭೆ ಹೇಗಿರುತ್ತದೋ ಹಾಗೇ ಬರೆದರು. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ.

ಈಗ ಎದ್ದು ರಂಗದ ಹತ್ತಿರ ಹೋಗಿ, ಬೆನ್ನು ಅದಕ್ಕೆ ಮಾಡಿ ನಿಲ್ಲಿ. ರಂಗದ ಎದುರಿನ ಗೋಡೆಯಲ್ಲಿ ರಾಜ ರಾಣಿಯ ಆಸನ ಕಾಣುತ್ತದೆ. ಕುಣಿಯುವಾಗ ಮಾರ್ತಾ ಅವರ ಕಣ್ಣಿಗೆ ಬೀಳುತ್ತಿದ್ದ ನೋಟ ಇದು. ಹೆಚ್ಚಿನವರು ಪ್ರೇಕ್ಷಕರ ಜಾಗದಿಂದಲೇ ನೋಡಿ ಹೊರಟುಬಿಡುತ್ತಾರೆ. ಈ ಚಿತ್ರ ಕಲಾವಿದೆಯ ಜಾಗದಿಂದ ನೋಡಲೆಂದು ಬರೆದದ್ದು. ರಂಗದ ಮೇಲೆ ಹತ್ತಬಹುದೇ ಎಂದು ಮಾತ್ರ ಕೇಳಿಕೊಳ್ಳಿ.

ಕೊನೆಗೆ ತಲೆ ಎತ್ತಿ ಚಾವಣಿ ನೋಡಿ. ಆಕಾಶ, ಮೋಡ, ಹಳೆಯ ವಾದ್ಯಗಳನ್ನು ನುಡಿಸುವ ಹೆಂಗಸರು, ಕುಣಿಯುವ ಪುಟ್ಟ ದೇವತೆಗಳು. ಒಬ್ಬರೇ ಅಟ್ಟಣಿಗೆ ಏರಿ, ತಲೆಯ ಮೇಲಕ್ಕೆ ಕೈ ಎತ್ತಿಕೊಂಡು ಎರಡು ವರ್ಷ ಬರೆದ ಕೆಲಸ. ಬೇಸಿಗೆಯಲ್ಲಿ ಆ ಚಾವಣಿಯಡಿ ಎಷ್ಟು ಸೆಕೆ ಇದ್ದಿರಬೇಕು ಯೋಚಿಸಿ.

ಗೋಡೆ ಮುಟ್ಟಬೇಡಿ, ಒರಗಬೇಡಿ. ಫ್ಲ್ಯಾಶ್ ಹಾಕಬೇಡಿ. ಈ ಜಾಗವನ್ನು ನಡೆಸುತ್ತಿರುವುದು ಲಾಭಕ್ಕಾಗಿ ಅಲ್ಲದ ಸಂಸ್ಥೆ. ನೀವು ಕೊಡುವ ಟೂರ್ ಶುಲ್ಕ, ರೂಮಿನ ಬಾಡಿಗೆ ಈ ಗೋಡೆಗಳನ್ನು ನಿಲ್ಲಿಸಿಕೊಳ್ಳಲು ಬೇಕು. ಹಾಗಾಗಿ ಚೌಕಾಸಿ ಬೇಡ. ಸಾಧ್ಯವಾದರೆ ಹುಂಡಿಗೆ ಇನ್ನಷ್ಟು ಹಾಕಿ.

ಹಂತ 8: ರಾತ್ರಿ

ಇಲ್ಲಿ ದೆವ್ವ ಇದೆ ಎಂದು ಹುಡುಕಿಕೊಂಡು ಬರುವವರೂ ಇದ್ದಾರೆ. ಆ ಕತೆಗಳಿಗೆ ನಿಮ್ಮ ರಾತ್ರಿ ಕೊಡಬೇಡಿ. ಹೊರಗೆ ಬಂದು ಆಕಾಶ ನೋಡಿ. ಕತ್ತಲೆಯ ಆಕಾಶಕ್ಕೇ ಹೆಸರಾದ ಪ್ರದೇಶ ಇದು. ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ಹೋದರೆ ಹಾಲುಹಾದಿ ಬರಿಗಣ್ಣಿಗೇ ಕಾಣುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತು ಫೋನ್ ಜೇಬಿನಲ್ಲೇ ಇರಲಿ.

ಹಂತ 9: ಮರುದಿನದ ದಾರಿ

ಬೇಗ ಎದ್ದು 190ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಡೆತ್ ವ್ಯಾಲಿ. ಉದ್ಯಾನದ ಟಿಕೆಟ್ ಬೇಕಾಗುವುದು ಈಗ. ಮೊದಲು ಎಡಕ್ಕೆ ತಿರುಗಿ ಡಾಂಟೆಸ್ ವ್ಯೂಗೆ ಏರಿ. 1,600 ಮೀಟರಿಗೂ ಹೆಚ್ಚು ಎತ್ತರದಿಂದ ಕೆಳಗೆ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲು ಕಾಣುತ್ತದೆ. ಅದು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಜಂಕ್ಷನ್‌ನಿಂದ ಫರ್ನೆಸ್ ಕ್ರೀಕ್‌ಗೆ ಸುಮಾರು 48 ಕಿ.ಮೀ.

ಡೆತ್ ವ್ಯಾಲಿ ಈಗಾಗಲೇ ನೋಡಿದ್ದರೆ ವೇಗಸ್‌ಗೆ ಮರಳುವ ದಾರಿಯಲ್ಲಿ ಆಶ್ ಮೆಡೋಸ್ ವನ್ಯಜೀವಿ ಧಾಮಕ್ಕೆ ಹೋಗಿ. ಮರುಭೂಮಿಯ ನಡುವೆ ತಿಳಿ ನೀಲಿ ಬುಗ್ಗೆಗಳು, ಮರದ ಹಲಗೆಯ ಕಾಲುದಾರಿ. ಹತ್ತಿರದ ಡೆವಿಲ್ಸ್ ಹೋಲ್ ಎಂಬ ನೀರಿನ ಬಿಲದಲ್ಲಿ ಪಪ್‌ಫಿಶ್ ಎಂಬ ಒಂದು ಬಗೆಯ ಪುಟಾಣಿ ಮೀನು ಇದೆ. ಸಹಜ ಪರಿಸರದಲ್ಲಿ ಅದು ಬದುಕಿರುವುದು ಜಗತ್ತಿನಲ್ಲಿ ಆ ಒಂದೇ ಬಿಲದಲ್ಲಿ. ಆ ಬಿಲವನ್ನು ಬೇಲಿಯ ಆಚೆಯಿಂದಲೇ ನೋಡಬೇಕು. ಅಲ್ಲಿಗೆ ಹೋಗುವ ರಸ್ತೆಗಳಲ್ಲಿ ಹೆಚ್ಚಿನವು ಜಲ್ಲಿಯವು. ಮಳೆ ಬಂದಿದ್ದರೆ ಹೊರಡುವ ಮೊದಲು ಹೋಟೆಲಿನವರನ್ನು ರಸ್ತೆ ಹೇಗಿದೆ ಎಂದು ಕೇಳಿ.